ಹುಳದ ಮನೆಗೆ ಹೋದ ಮಿಷಿನ್ನು

ರಮೇಶ್‌ಬಾಬುವಿಗೆ ಅನುಮಾನವೆಂಬುದು ಹುಟ್ಟಿನಿಂದಲೇ ಬಂದದ್ದು. ಹೋಟೆಲಿನಲ್ಲಿ ಇಡ್ಲಿ ತಂದಿಟ್ಟರೆ ಮೊದಲು ಮೂಸಿ ನೋಡುತ್ತಿದ್ದ. ಬಸ್ಸಿನಲ್ಲಿ ಪಕ್ಕದವನು ತೂಕಡಿಸಿದರೆ ಇದು ನಿಜವಾದ ನಿದ್ದೆಯೋ ನಾಟಕವೋ ಎಂದು ತನ್ನ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ ಹರಿಣಿ, ‘ನಿಮ್ಮ ಜಾತಕ ನೋಡಿದ ಜೋಯಿಸರು ಈ ಗುಣವೊಂದನ್ನು ಯಾಕೆ ಹೇಳಲಿಲ್ಲವೋ’ ಎಂದು ನಕ್ಕಿದ್ದಳು. ಅವತ್ತಿನಿಂದ ಅವನಿಗೆ ಆ ಜೋಯಿಸರ ಮೇಲೂ ಒಂದು ಕಣ್ಣು.

ಇಂಥವನು ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿ ಕಾಲೇಜಿನ ಗೆಳೆಯ ನರೇಂದ್ರನ ಜೊತೆ ಸೇರಿ ಒಂದು ಸಣ್ಣ ಕಂಪನಿ ನಡೆಸುತ್ತಿದ್ದ. ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಕಂಪ್ಯೂಟರು ತಯಾರಿಸುವುದು ಅವರ ಕಸುಬು. ಹೊಸದಾಗಿ ಮಾಡಿದ್ದು ರೇಷ್ಮೆ ಹುಳದ ಮನೆಗೆಂದೇ ಮಾಡಿದ ಮಿಷಿನ್ನು. ಹುಳದ ತಟ್ಟೆಯ ಮೇಲೆ ಹಿಡಿದರೆ ಫೋಟೋ ತೆಗೆಯುತ್ತದೆ, ಒಳಗಿನ ಬಿಸಿ ಎಷ್ಟು, ತೇವ ಎಷ್ಟು ಎಂದು ಅಳೆದು ಬರೆದಿಟ್ಟುಕೊಳ್ಳುತ್ತದೆ. ಹುಳಕ್ಕೆ ರೋಗ ಹತ್ತುವ ಲಕ್ಷಣವಿದ್ದರೆ ಮೊದಲೇ ಗೊತ್ತಾಗಲಿ ಎಂಬುದು ಉದ್ದೇಶ. ಶಿಡ್ಲಘಟ್ಟದ ಕಡೆ ಮರಿಹುಳು ಬೆಳೆಸಿ ರೈತರಿಗೆ ಕೊಡುವ ಚಾಕಿ ಕೇಂದ್ರದವರು ಕೆಲವರು ಸೇರಿ, ‘ಮೊದಲು ನಾಲ್ಕು ಊರಲ್ಲಿ ಓಡಾಡಿಸಿ ತೋರಿಸಿ, ಆಮೇಲೆ ನೋಡೋಣ’ ಎಂದಿದ್ದರು.

ಗೆಳೆಯರಿಬ್ಬರಿಗೂ ಜಗಳ ಹತ್ತಿದ್ದು ಒಂದು ಸಂದಿಗಾಗಿ. ಮಿಷಿನ್ನಿನ ಪಕ್ಕದಲ್ಲಿ ಮೆಮೊರಿ ಕಾರ್ಡು ತೂರಿಸುವ ಸ್ಲಾಟು ಇರಬೇಕೋ ಬೇಡವೋ ಎಂಬುದೇ ಪ್ರಶ್ನೆ.

‘ತೂತು ಅಂದ್ರೆ ತೂತೇ ಕಣೋ ಬಾಬು,’ ಎಂದ ನರೇಂದ್ರ. ‘ಧೂಳು ಹೋಗುತ್ತೆ, ತೇವ ಹೋಗುತ್ತೆ, ಹುಳದ ಮೇಲೆ ಚೆಲ್ಲೋ ಸುಣ್ಣದ ಪುಡಿ ಹೋಗುತ್ತೆ. ಮೆಮೊರೀನ ಬೋರ್ಡಿಗೇ ಬೆಸುಗೆ ಹಾಕಿ ಸುತ್ತ ಮುಚ್ಚಿಬಿಡಣ. ಯಾರೂ ಬೆರಳು ಹಾಕೋ ಹಂಗೇ ಇರಬಾರ್ದು.’

‘ಬೋರ್ಡು ಸತ್ರೆ? ಒಳಗೆ ಇರೋದೆಲ್ಲ ಅದರ ಜೊತೇಲೇ ಹೋಯ್ತು. ಕಾರ್ಡಾದ್ರೆ ಮಿಷಿನ್ ಹೋದ್ರೂ ಕಾರ್ಡು ಉಳಿಯುತ್ತೆ. ಜಾಗ ಸಾಲ್ದೆ ಬಂದ್ರೆ ದೊಡ್ಡ ಕಾರ್ಡ್ ಹಾಕ್ಕೊಂಡ್ರಾಯ್ತು. ನಿನ್ನ ಮುಚ್ಚಿದ ಡಬ್ಬ ತುಂಬಿದ ದಿನ ಡಬ್ಬಾನೇ ಎಸೀಬೇಕು.’

ಇಷ್ಟು ಅನುಮಾನದ ಮನುಷ್ಯ ತೂತಿನ ಪರ ಹೇಗೆ ನಿಂತ ಎಂದು ನೀವು ಕೇಳಬಹುದು. ಮನುಷ್ಯರನ್ನು ನಂಬದವನು ಬೋರ್ಡನ್ನಾದರೂ ಯಾಕೆ ನಂಬಬೇಕು? ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಪರೀಕ್ಷೆಯ ಮಿಷಿನ್ನುಗಳಿಗೆ ಸ್ಲಾಟು ಇಡುವುದು. ಒಂದೇ ಒಂದು ಬೆಳೆಯ ದಾಖಲೆ ಕಳೆದುಹೋದರೂ ನರೇಂದ್ರನ ಮಾತು ನಡೆಯುವುದು, ಇಲ್ಲದಿದ್ದರೆ ಬಾಬುವಿನದು. ಕೈಗೆ ಕೈ ಕೊಟ್ಟರು. ಕೈ ಕೊಡುವಾಗಲೂ ನರೇಂದ್ರ ಯಾಕಿಷ್ಟು ಬೇಗ ಒಪ್ಪಿದ ಎಂದು ಬಾಬುವಿಗೆ ಸಣ್ಣಗೆ ಕೊರೆಯುತ್ತಿತ್ತು.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ಒಳಗೆ ಹೋದರೆ ಎರ್ರಗುಂಟಪಲ್ಲಿ. ಅಲ್ಲಿನ ಮಿಷಿನ್ನು ಹೋದದ್ದು ಕದಿರಮ್ಮನ ಕೈಗೆ. ಮೊದಲು ತಾನೇ ಹುಳ ಸಾಕುತ್ತಿದ್ದ ಹೆಂಗಸು. ಈಗ ಅದನ್ನು ಬಿಟ್ಟು ಊರಿನವರ ಹುಳದ ಮನೆಗಳಿಗೆ ಸೊಪ್ಪು ಹಾಕಲು, ಹಾಸು ಬದಲಿಸಲು ಹೋಗುತ್ತಿದ್ದಳು. ಹುಳದ ಮನೆಯೊಳಗೆ ಕಂಡವರನ್ನೆಲ್ಲ ಬಿಡುವ ಪದ್ಧತಿ ಆ ಸೀಮೆಯಲ್ಲಿ ಇಲ್ಲ. ರೋಗ ಹೊತ್ತು ತರುತ್ತಾರೆ ಎಂಬುದು ಒಂದು ಭಯ, ದೃಷ್ಟಿ ಬೀಳುತ್ತದೆ ಎಂಬುದು ಅದಕ್ಕಿಂತ ದೊಡ್ಡ ಭಯ. ಕದಿರಮ್ಮನಿಗೆ ಮಾತ್ರ ಎಲ್ಲ ಬಾಗಿಲೂ ತೆರೆದಿದ್ದವು. ಅವಳ ಮರ್ಯಾದೆ, ಅವಳ ಅನ್ನ ಎರಡೂ ಆ ಬಾಗಿಲುಗಳಲ್ಲೇ ಇದ್ದವು.

ಫೋಟೋ ಎಂದಾಗ ಊರಿನ ದೊಡ್ಡ ಬೆಳೆಗಾರ ಗಂಗುಲಪ್ಪ ಮೊದಲು ತಲೆ ಅಲ್ಲಾಡಿಸಿದ್ದ. ‘ನಮ್ ಹುಳದ ಪಟ ಇನ್ನೊಬ್ರು ನೋಡಂಗಿಲ್ಲ’ ಎಂದ. ಗೌರಿಬಿದನೂರಿನ ಕಂಪನಿಯವರು ನೋಡಬೇಕಾಗುತ್ತದಲ್ಲ ಎಂದರೆ, ‘ಅವ್ರು ನೋಡ್ಲಿ ಬಿಡು. ಅವ್ರ ಮನೇಲಿ ಹುಳ ಇಲ್ಲ. ಹುಳ ಇರೋರ ಕಣ್ಣೇ ಹುಳಕ್ಕೆ ತಟ್ಟೋದು’ ಎಂದು ತನ್ನ ಶಾಸ್ತ್ರ ವಿವರಿಸಿದ. ಹುಳದ ಮನೆಯ ಹೊಸಿಲ ಮೇಲೆ ದೀಪ ಹಚ್ಚಿಸಿ, ಊರಲ್ಲಿ ಹುಳ ಇಟ್ಟವರ ಯಾರ ಕಣ್ಣಿಗೂ ಆ ಪಟ ಬೀಳುವುದಿಲ್ಲ ಎಂದು ಕದಿರಮ್ಮನಿಂದ ಮಾತು ತೆಗೆದುಕೊಂಡ. ಅವಳು ದೀಪದ ಮೇಲೆ ಕೈ ಹಿಡಿದು ಮಾತು ಕೊಟ್ಟಳು. ಅವಳ ಮೈದುನ ಕೋನಪ್ಪನೂ ಹುಳ ಇಟ್ಟವನೇ, ಅವನ ಮನೆ ಅವಳ ಮನೆಗೆ ಅಂಟಿಕೊಂಡೇ ಇತ್ತು. ಆದ್ದರಿಂದ ಆ ಮಾತಿಗೆ ಹೆಚ್ಚಿನ ತೂಕವಿತ್ತು.

ಮೊದಲ ಬೆಳೆ ಮುಗಿದು ಮಿಷಿನ್ನುಗಳು ಕಾರ್ಡಿನ ಸಮೇತ ಗೌರಿಬಿದನೂರಿಗೆ ಬಂದವು. ಬೇರೆ ಊರಿನವು ಸರಿಯಾಗಿದ್ದವು. ಕದಿರಮ್ಮನ ಮಿಷಿನ್ನಿನ ದಾಖಲೆಯಲ್ಲಿ ಮಾತ್ರ ಅಲ್ಲಲ್ಲಿ ಖಾಲಿ. ಒಂದು ದಿನ ಫೋಟೋ ಇದೆ, ಮರುದಿನ ಕಾರ್ಡೇ ಇಲ್ಲ ಎಂದು ಮಿಷಿನ್ನು ಬರೆದುಕೊಂಡಿದೆ, ಮತ್ತೆ ಒಂದು ದಿನ ಕಾರ್ಡು ಇದೆ.

ಬಾಬು ಕಾರ್ಡನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ ಮೂಲೆಮೂಲೆ ಕೆದಕಿದ. ಕಾರ್ಡು ಫೋನಿಗೆ ಹೋದಾಗ ಫೋನು ತನಗೆ ತಾನೇ ಮಾಡಿಕೊಳ್ಳುವ ಫೋಲ್ಡರುಗಳು ಅದರಲ್ಲಿ ಇದ್ದವು. ಅಂದರೆ ಕಾರ್ಡನ್ನು ಹೊರಗೆ ತೆಗೆದಿದ್ದಾರೆ. ಯಾರದೋ ಫೋನಿಗೆ ಹಾಕಿದ್ದಾರೆ. ಸಿನಿಮಾ ನೋಡಲೋ, ಹಾಡು ತುಂಬಿಸಲೋ, ದೇವರೇ ಬಲ್ಲ.

ನರೇಂದ್ರನಿಗೆ ಹೇಳಿದರೆ ಅವನಿಗೆ ಹಬ್ಬ. ಹೇಳಲಿಲ್ಲ. ಹೊಸ ಕಾರ್ಡು ಹಾಕಿ, ಮಿಷಿನ್ನನ್ನು ತಾನೇ ಹಿಂದಕ್ಕೆ ಕೊಡುತ್ತೇನೆ ಎಂದು ಬೈಕು ಹತ್ತಿದ. ಮಂಚೇನಹಳ್ಳಿ ದಾಟಿ, ಚಿಕ್ಕಬಳ್ಳಾಪುರ ದಾಟಿ, ಶಿಡ್ಲಘಟ್ಟ ಬರುವ ಹೊತ್ತಿಗೆ ಕದಿರಮ್ಮ ಅವನ ತಲೆಯಲ್ಲಿ ದೊಡ್ಡ ಕಳ್ಳಿಯಾಗಿದ್ದಳು. ದಾರಿಯಲ್ಲಿ ಒಂದು ಅಂಗಡಿಯ ಮುಂದೆ ನಿಲ್ಲಿಸಿ ಗಟ್ಟಿ ಅಂಟು ಕೊಂಡ. ಮರದ ನೆರಳಲ್ಲಿ ನಿಂತು ಸ್ಲಾಟಿನ ರಬ್ಬರು ಮುಚ್ಚಳದ ಸುತ್ತ ಅಂಟು ಬಳಿದು ಒತ್ತಿದ. ಸ್ಲಾಟಿಗಾಗಿ ಗೆಳೆಯನ ಜೊತೆ ಗಂಟಲು ಹರಿದುಕೊಂಡವನು ತನ್ನ ಕೈಯಾರೆ ಸ್ಲಾಟು ಮುಚ್ಚುತ್ತಿದ್ದೇನೆ ಎಂದು ಅವನಿಗೆ ಹೊಳೆಯಲಿಲ್ಲ. ಅನುಮಾನ ಬಂದಾಗ ಮನುಷ್ಯನಿಗೆ ಬೇರೆ ಏನೂ ಹೊಳೆಯುವುದಿಲ್ಲ.

ಮಿಷಿನ್ನು ಕೊಡುವಾಗ ಅವನು ಕದಿರಮ್ಮನನ್ನು ನೇರವಾಗಿ ಏನೂ ಕೇಳಲಿಲ್ಲ. ‘ಎಲ್ಲ ಸರಿ ಇದೆಯಾಮ್ಮ?’ ಎಂದ. ‘ಸರಿ ಐತೆ ಸಾರ್’ ಎಂದಳು. ಅವಳ ಕಣ್ಣು ಒಂದು ಗಳಿಗೆ ನೆಲ ನೋಡಿತು. ಅದನ್ನು ಅವನು ಗುರುತು ಹಾಕಿಕೊಂಡ. ಅನುಮಾನದವರು ಯಾರನ್ನು ಅನುಮಾನಿಸುತ್ತಾರೋ ಅವರನ್ನು ಕೇಳುವುದಿಲ್ಲ, ಪಕ್ಕದವರನ್ನು ಕೇಳುತ್ತಾರೆ. ಊರ ಬಾಗಿಲಿನ ಟೀ ಅಂಗಡಿಯಲ್ಲಿ ಗಂಗುಲಪ್ಪ ಕೂತಿದ್ದ. ಬಾಬು ಅವನ ಪಕ್ಕ ಕೂತು, ಟೀ ಕುಡಿಯುತ್ತಾ, ಏನೂ ಅಲ್ಲವೆಂಬಂತೆ ಕೇಳಿದ.

‘ಯಜಮಾನ್ರೇ, ಕದಿರಮ್ಮ ಆ ಮಿಷಿನ್ನಿಂದ ಕಾರ್ಡು ತೆಗ್ದು ಯಾರ ಫೋನಿಗಾದ್ರೂ ಹಾಕೋದು, ಫೋಟೋ ತೋರ್ಸೋದು, ಹಂಗೇನಾದ್ರೂ ಮಾಡ್ತಾರಾ?’

ಗಂಗುಲಪ್ಪ ಟೀ ಲೋಟವನ್ನು ಬೆಂಚಿನ ಮೇಲೆ ಇಟ್ಟ. ‘ಯಾಕಪ್ಪ, ಹಂಗೇನಾದ್ರೂ ಆಗೈತಾ?’

‘ಏ, ಸುಮ್ನೆ ಕೇಳ್ದೆ.’

ಸುಮ್ಮನೆ ಕೇಳಿದೆ ಎಂಬ ಮಾತನ್ನು ಯಾವ ಊರಲ್ಲೂ ಯಾರೂ ನಂಬುವುದಿಲ್ಲ. ಬಾಬು ಬೈಕು ಹತ್ತಿ ಹೋದ. ಅವನು ಕೇಳಿದ್ದು ಊರಲ್ಲಿ ಉಳಿಯಿತು.

ಎರಡನೇ ಬೆಳೆಯ ಹುಳು ನಾಲ್ಕನೇ ಜ್ವರ ಎದ್ದ ಸಮಯ. ಹುಳು ಊಟ ಬಿಟ್ಟು ಪೊರೆ ಕಳಚಲು ಕೂತರೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಹುಳು ಗಬಗಬ ತಿಂದು ಗೂಡು ಕಟ್ಟಲು ಹಣ್ಣಾಗುತ್ತದೆ. ಆ ದಿನಗಳ ದಾಖಲೆಯೇ ಮುಖ್ಯ. ಆಗಲೇ ಎರ್ರಗುಂಟಪಲ್ಲಿಯಿಂದ ಕದಿರಮ್ಮ ಫೋನು ಮಾಡಿದಳು. ಮಿಷಿನ್ನು ಕಾರ್ಡಿಲ್ಲ ಎನ್ನುತ್ತಿದೆ, ಮುಚ್ಚಳ ಬಿಚ್ಚಲು ಆಗುತ್ತಿಲ್ಲ, ಅಂಟು ಮೆತ್ತಿದ ಹಾಗೆ ಇದೆ ಎಂದಳು. ಬಾಬು ‘ಬರ್ತೀನಿ’ ಎಂದು ಇಟ್ಟ. ಮುಚ್ಚಳ ಬಿಚ್ಚಲು ನೋಡಿದ್ದಾಳೆ ಎಂಬುದೇ ಅವನಿಗೆ ಸಾಕಾಗಿತ್ತು. ಬರುವುದು ಯಾವಾಗ ಎಂದು ಬೇಕೆಂದೇ ಹೇಳಲಿಲ್ಲ.

ಅವನು ಬೈಕನ್ನು ಊರ ಹೊರಗೆ ಬಿಟ್ಟು, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದು ಬಂದ. ಸೊಪ್ಪು ಎದೆಮಟ್ಟಕ್ಕೆ ಬೆಳೆದಿತ್ತು. ಕಂಪನಿಯ ಮಾಲೀಕನೊಬ್ಬ ಸೊಪ್ಪಿನ ಮರೆಯಲ್ಲಿ ಬಗ್ಗಿ ನಿಂತು ಹೆಂಗಸೊಬ್ಬಳನ್ನು ಇಣುಕಿ ನೋಡುವುದು ಎಷ್ಟು ಚಂದವೋ ಅವನಿಗೇ ಗೊತ್ತು. ತೋಟದ ಕೊನೆಗೆ ಅಕ್ಕಯ್ಯಮ್ಮ ಎಂಬ ಮುದುಕಿಯ ಸಣ್ಣ ಹುಳದ ಮನೆ. ಕದಿರಮ್ಮ ಅದರ ಬಾಗಿಲ ಮುಂದೆ ಕೂತಿದ್ದಳು. ಪಕ್ಕದಲ್ಲಿ ಬಕೆಟ್ಟು, ಅದರಲ್ಲಿ ಬೆಳ್ಳನೆ ನೀರು. ಬ್ಲೀಚಿಂಗ್ ಪೌಡರಿನ ಘಾಟು ಬದುವಿನವರೆಗೂ ಬರುತ್ತಿತ್ತು.

ಅವಳು ಮೊದಲು ಕೈ ತೊಳೆದಳು. ಕಾಲು ತೊಳೆದಳು. ಆಮೇಲೆ ಬಟ್ಟೆಯೊಂದನ್ನು ಆ ನೀರಿಗೆ ಅದ್ದಿ, ಅರ್ಧಂಬರ್ಧ ಹಿಂಡಿ, ಮಡಿಲಲ್ಲಿದ್ದ ಮಿಷಿನ್ನನ್ನು ಎತ್ತಿಕೊಂಡು ಒರೆಸತೊಡಗಿದಳು. ಮುಖ, ಬೆನ್ನು, ಪಕ್ಕ, ಗುಂಡಿಗಳ ಸಂದು, ಯಾವುದನ್ನೂ ಬಿಡಲಿಲ್ಲ. ಮಗುವಿನ ಕಿವಿ ಹಿಂದೆ ಒರೆಸುವ ಹಾಗೆ ಸ್ಲಾಟಿನ ಮುಚ್ಚಳದ ಸುತ್ತ ಬೆರಳು ಸುತ್ತಿ ಒರೆಸಿದಳು. ನೀರು ಸಂದಿನಲ್ಲಿ ಇಳಿಯುವುದು ಬಾಬುವಿಗೆ ಅಷ್ಟು ದೂರದಿಂದಲೂ ಕಂಡಂತಾಯಿತು.

‘ಅಯ್ಯೋ ನಿಲ್ಸಮ್ಮ’ ಎಂದು ಅವನು ಸೊಪ್ಪಿನಿಂದ ಎದ್ದು ಬಂದ. ಕದಿರಮ್ಮನ ಕೈಯಿಂದ ಬಟ್ಟೆ ಜಾರಿತು.

‘ದೇವುಡಾ. ನೀವೆಲ್ಲಿಂದ ಬಂದ್ರಿ ಸಾರ್?’

‘ಇದನ್ನ ದಿನಾ ಹಿಂಗೇ ತೊಳೀತೀರಾ?’ ಎಂದು ಕೇಳಿದ.

ಅವಳು ತಲೆ ತಗ್ಗಿಸಿದಳು. ‘ಒಂದ್ ಮನೆಯಿಂದ ಇನ್ನೊಂದ್ ಮನೆಗೆ ಹೋಗ್ಬೇಕಲ್ಲ ಸಾರ್. ಒಬ್ರ ಹುಳದ ರೋಗ ಇನ್ನೊಬ್ರ ಹುಳಕ್ಕೆ ಹೋಗ್ಬಾರ್ದು. ನಾವೇ ತೊಳ್ಕೊಂಡು ಹೋಗ್ತೀವಿ, ಇದು ಹಂಗೇ ಹೋದ್ರೆ ಹೆಂಗೆ? ತೊಳೀದೆ ತಂದ್ರೆ ಒಳಗೇ ಬಿಡಲ್ಲ. ನೀವು ಮಿಷಿನ್ ಕೊಡ್ತಾ, ಒಂದ್ ತೊಟ್ಟು ನೀರು ಬಿದ್ರೂ ವಾಪಸ್ ತಗೊಂಡೋಗ್ತೀನಿ ಅಂದಿದ್ರಿ. ಅದಕ್ಕೇ ಹೇಳ್ಲಿಲ್ಲ.’

ಅವತ್ತು ಅವಳ ಕಣ್ಣು ನೆಲ ನೋಡಿದ್ದು ಇದಕ್ಕೇ. ಬಚ್ಚಿಟ್ಟದ್ದು ನಿಜ, ಆದರೆ ಬಚ್ಚಿಟ್ಟದ್ದು ಒಂದು ಒದ್ದೆ ಬಟ್ಟೆಯನ್ನು. ಆ ಘಾಟು ನೀರು ದಿನವೂ ಸಂದಿನೊಳಗೆ ಇಳಿದು ಕಾರ್ಡು ಕೂರುವ ತಂತಿಗಳನ್ನು ತಿಂದಿದೆ. ಇನ್ನೂ ಒಂದು ವಿಷಯ ಅವನಿಗೆ ಹೊಳೆಯಿತು. ಅವನ ಅಂಟು ಆಗಲೇ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ನೀರು ಒಳಗೆ ಹೋಗಲು ಅಷ್ಟು ಸಾಕು, ಒಳಗೆ ಹೋದದ್ದು ಆರಲು ಸಾಲದು. ಮೊದಲ ಬೆಳೆಯಲ್ಲಿ ಮುಚ್ಚಳ ತೆಗೆದು ಗಾಳಿಗಿಟ್ಟರೆ ಆರುತ್ತಿದ್ದದ್ದು, ಈ ಬೆಳೆಯಲ್ಲಿ ಒಳಗೇ ಉಳಿದು ಕಾರ್ಡನ್ನು ಕೊಂದಿದೆ. ತೊಳೆದವಳು ಅವಳು, ಕೊಂದವನು ತಾನು.

‘ಮತ್ತೆ ಕಾರ್ಡು ಫೋನಿಗೆ ಯಾಕೆ ಹಾಕಿದ್ರಿ?’ ದನಿ ತಗ್ಗಿಸಿ ಕೇಳಿದ.

‘ಮಿಷಿನ್ ಕಾರ್ಡಿಲ್ಲ ಅಂತಿತ್ತು ಸಾರ್. ತೆಗ್ದು, ಸೆರಗಲ್ಲಿ ಒರ್ಸಿ, ನನ್ ಫೋನಿಗೆ ಹಾಕ್ ನೋಡ್ದೆ. ಫೋಟೋ ಎಲ್ಲ ಇದ್ವು, ಅವತ್ತಿಂದೂ. ಮಿಷಿನ್ ನಾಳೆ ಏನಾಗ್ತದೋ ಅಂತ ಫೋನಲ್ಲಿ ಒಂದ್ ಕಾಪಿ ಇಟ್ಕಂಡೆ. ಕಾರ್ಡನ್ನ ಮಿಷಿನ್ನಿಗೆ ವಾಪಸ್ ಹಾಕ್ದಾಗ ಅದ್ರಲ್ಲಿ ಅವತ್ತಿಂದು ಹೋಗಿರ್ತಿತ್ತು. ಈ ಬೆಳೇಲಿ ಮುಚ್ಚಳ ಬಿಚ್ಚಕ್ಕಾಗ್ದೆ, ನಿನ್ನೆವರ್ಗೂ ಮಿಷಿನ್ ಪರದೆ ಮೇಲೆ ಬಂದ ಫೋಟೋನ ಫೋನಲ್ಲಿ ಹೊಡ್ಕಂಡಿವ್ನಿ.’

ಬಾಬುವಿಗೆ ಅವಳ ಕಾಲು ಮುಟ್ಟಬೇಕೆನಿಸಿತು. ಖಾಲಿ ಬಿದ್ದಿದ್ದ ದಿನಗಳೆಲ್ಲ ಅವಳ ಫೋನಿನಲ್ಲಿವೆ. ಮಿಷಿನ್ನು ಕೆಟ್ಟರೂ ಕಾರ್ಡು ಹೊರಗೆ ಬಂದು ದಾಖಲೆ ಉಳಿದಿದೆ. ತಾನು ಗಂಟಲು ಹರಿದುಕೊಂಡು ಹೇಳಿದ್ದು ಇದನ್ನೇ. ನರೇಂದ್ರನ ಮುಂದೆ ಈ ಫೋನು ಇಟ್ಟರೆ ಸ್ಲಾಟು ಗೆದ್ದ ಹಾಗೆ.

‘ಈಗ್ಲೇ ನನ್ ಫೋನಿಗೆ ಕೊಡಿ’ ಎಂದ. ಅವಳು ತನ್ನ ಫೋನಿನ ಕಾರ್ಡು ತೆಗೆದು ಅವನ ಫೋನಿಗೆ ಹಾಕಿಕೊಡಲು ಹೋದಳು. ಆಗ ಅವನಿಗೆ ಜ್ಞಾಪಕ ಬಂತು, ಅವನ ದುಬಾರಿ ಹೊಸ ಫೋನಿಗೆ ಕಾರ್ಡಿನ ಸ್ಲಾಟೇ ಇಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ತೆಳ್ಳಗೆ ಚೆನ್ನಾಗಿದೆ ಎಂದು ತಾನೇ ಆರಿಸಿದ್ದು. ಆ ತೋಟದಲ್ಲಿ ಸಿಗ್ನಲ್ಲೂ ಇರಲಿಲ್ಲ. ಕೊನೆಗೆ ಬ್ಲೂಟೂತಿನಲ್ಲಿ ಕಳಿಸಲು ಶುರು ಮಾಡಿದರು. ಒಂದೊಂದು ಫೋಟೋ ಬಸುರಿ ಹೆಂಗಸಿನ ಹಾಗೆ ಮೆಲ್ಲಗೆ ನಡೆದು ಬರುತ್ತಿತ್ತು.

ಕಾಯುತ್ತಿರುವಾಗ ಕದಿರಮ್ಮ ಹೇಳಿದಳು. ‘ಈಗ ನಂಗೆ ಉಳ್ದಿರೋದು ಈ ಅಕ್ಕಯ್ಯಮ್ಮನ್ ಮನೆ ಒಂದೇ ಸಾರ್. ಉಳ್ದೋರೆಲ್ಲ ಬಾಗ್ಲು ಹಾಕ್ಕಂಡವ್ರೆ.’

‘ಯಾಕೆ?’

ಅವಳು ಅವನ ಮುಖವನ್ನೇ ನೋಡಿದಳು. ಸಿಟ್ಟಿನಿಂದಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ. ‘ಯಾರೋ ಕಂಪ್ನಿಯೋರು ಟೀ ಅಂಗ್ಡೀಲಿ ಕೇಳಿದ್ರಂತೆ, ಕದಿರಮ್ಮ ಫೋಟೋ ತೋರಿಸ್ತಾಳಾ ಅಂತ. ಅದೇ ಹೊತ್ಗೆ ಗಂಗುಲಪ್ಪನ ಹುಳ ಒಂದ್ ನಾಕು ತಟ್ಟೇಲಿ ಹಳದಿ ತಿರುಗಿದ್ವು. ಕೋನಪ್ಪನ ಕಣ್ಣು ತಟ್ತು, ನಾನೇ ತೋರ್ಸಿದ್ದು ಅಂದ್ರು. ದೀಪದ ಮೇಲೆ ಕೈ ಇಟ್ಟು ಹೇಳ್ದೋಳು ನಾನು.’

‘ತೋರಿಸಿದ್ರಾ?’ ಬಾಯಿಯಿಂದ ಬಂದೇಬಿಟ್ಟಿತು. ಅಭ್ಯಾಸ ಎಲ್ಲಿ ಹೋಗುತ್ತದೆ.

‘ಇಲ್ಲ’ ಎಂದಳು ಅವಳು. ‘ಆದ್ರೆ ನನ್ ಫೋನು ಕೋನಪ್ಪನ ಮಕ್ಳ ಕೈಲೂ ಓಡಾಡ್ತದೆ. ಫೋಟೋ ಇದ್ರಲ್ಲಿ ಐತೆ ಅಂತ ಗೊತ್ತಾದ್ರೆ ಮುಗೀತು. ನಾನೇನ್ ಹೇಳಿದ್ರೂ ನಡ್ಯಲ್ಲ.’

ಆಗಲೇ ತೋಟದ ಆ ಕಡೆಯಿಂದ ಮಾತು ಕೇಳಿಸಿತು. ಗಂಗುಲಪ್ಪ ಬರುತ್ತಿದ್ದ, ಹಿಂದೆ ಕೋನಪ್ಪ, ಇನ್ನೂ ಒಂದಿಬ್ಬರು. ಊರ ಹೊರಗೆ ನಿಲ್ಲಿಸಿದ ಬೈಕನ್ನು ಯಾರೋ ನೋಡಿದ್ದಾರೆ. ಕಂಪನಿಯವನು ಬಚ್ಚಿಟ್ಟುಕೊಂಡು ಬಂದಿದ್ದಾನೆ ಎಂಬ ಸುದ್ದಿ ಅವನಿಗಿಂತ ಮೊದಲೇ ಊರು ಸೇರಿತ್ತು.

ಬಾಬುವಿನ ಫೋನಿಗೆ ಎರಡೋ ಮೂರೋ ಫೋಟೋ ಬಂದಿದ್ದವು. ಇನ್ನೂ ಬೆಟ್ಟದಷ್ಟು ಉಳಿದಿದ್ದವು. ಕದಿರಮ್ಮ ತನ್ನ ಫೋನನ್ನು ಅವನ ಮುಂದೆ ಹಿಡಿದಳು. ‘ಅಳಿಸ್ಲಾ ಸಾರ್? ನಿಮ್ ಕೆಲಸದ್ದು. ನೀವೇ ಹೇಳ್ಬೇಕು.’

ಇಷ್ಟೆಲ್ಲ ಆದ ಮೇಲೂ ಅವಳು ಅವನನ್ನು ಕೇಳಿದಳು. ತನ್ನ ಅನ್ನದ ಬಾಗಿಲುಗಳನ್ನು ಮುಚ್ಚಿಸಿದವನನ್ನು. ಬಾಬುವಿಗೆ ನರೇಂದ್ರನ ಮುಖ ಕಣ್ಣ ಮುಂದೆ ಬಂತು, ಕೈಗೆ ಕೈ ಕೊಟ್ಟದ್ದು ನೆನಪಾಯಿತು. ಗಂಗುಲಪ್ಪನ ಬಿಳಿ ಪಂಚೆ ಸೊಪ್ಪಿನ ನಡುವೆ ಹತ್ತಿರ ಬರುತ್ತಿತ್ತು.

‘ಅಳಿಸಿ’ ಎಂದ. ಅವಳು ಅಳಿಸಿದಳು. ‘ಇಲ್ಲಿ ಕೊಡಿ’ ಎಂದು ಫೋನು ಕಿತ್ತುಕೊಂಡು, ಅಳಿಸಿದ್ದು ಹೋಗಿ ಕೂರುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಎಲ್ಲಿ ಹುಡುಕುತ್ತಾರೆ ಎಂಬುದು ಅವನಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ಜೀವಮಾನದ ಅನುಮಾನ ಮೊದಲ ಸಲ ಇನ್ನೊಬ್ಬರ ಉಪಯೋಗಕ್ಕೆ ಬಂತು.

ಗಂಗುಲಪ್ಪ ಬಂದವನೇ ಸುತ್ತಿಬಳಸಿ ಮಾತಾಡಲಿಲ್ಲ. ‘ನೋಡಪ್ಪ, ನಿಂದೂ ಒಂದ್ ಮಾತು ಕೇಳಿಬಿಡ್ತೀನಿ. ಅವತ್ತು ನೀನೇ ಕೇಳ್ದೆ. ನಮ್ ಹುಳದ ಪಟ ಈವಮ್ಮನ ಫೋನಿಗೆ ಹೋಗೈತಾ ಇಲ್ಲಾ?’

‘ಇಲ್ಲ’ ಎಂದ ಬಾಬು.

‘ಮತ್ತೆ ಕಾರ್ಡು ಯಾರ್ದೋ ಫೋನಿಗೆ ಹೋಗಿತ್ತು ಅಂದೆ?’

‘ನನ್ ಫೋನಿಗೆ ಹೋಗಿತ್ತು. ನಾನೇ ಹಾಕಿ ಮರೆತಿದ್ದೆ. ಆಮೇಲೆ ಅನುಮಾನ ಪಟ್ಕೊಂಡು ನಿಮ್ಮನ್ನ ಕೇಳ್ದೆ. ತಪ್ಪು ನಂದು ಯಜಮಾನ್ರೇ.’

ಕಾರ್ಡೇ ಹೋಗದ ಫೋನು ಅವನ ಜೇಬಿನಲ್ಲಿತ್ತು. ಪುಣ್ಯಕ್ಕೆ ಯಾರೂ ಅದನ್ನು ಕೇಳಲಿಲ್ಲ. ಗಂಗುಲಪ್ಪ ಬೇರೆಯೇ ಲೆಕ್ಕ ಹಾಕುತ್ತಿದ್ದ.

‘ನಿನ್ ಮನೇಲಿ ಹುಳ ಐತಾ?’

‘ಇಲ್ಲ.’

‘ಹೆಂಡ್ತಿ ತವರಲ್ಲಿ?’

‘ಅವ್ರದು ಕಿರಾಣಿ ಅಂಗಡಿ.’

‘ಅಂಗಾದ್ರೆ ನಿನ್ ಕಣ್ಣು ತಟ್ಟಲ್ಲ’ ಎಂದು ಗಂಗುಲಪ್ಪ ನಿರಾಳವಾದ. ಆದರೂ ಕದಿರಮ್ಮನ ಫೋನಿಗೆ ಕೈ ಚಾಚಿದ. ಅವಳು ಕೊಟ್ಟಳು. ಜೊತೆಯಲ್ಲಿ ಬಂದಿದ್ದವನೊಬ್ಬ ಫೋಟೋಗಳನ್ನು ಒಂದೊಂದಾಗಿ ತಳ್ಳುತ್ತಾ ನೋಡಿದ, ಕಸದ ಬುಟ್ಟಿಯನ್ನೂ ನೋಡಿದ. ಯಾರದೋ ಮದುವೆ, ಎಳೆ ಕರು, ಕೋನಪ್ಪನ ಮಕ್ಕಳು ನಾಲಿಗೆ ಚಾಚಿ ತೆಗೆದುಕೊಂಡದ್ದು, ಅಷ್ಟೇ. ಕೋನಪ್ಪ ಅಷ್ಟು ಹೊತ್ತೂ ತನ್ನ ಕಾಲ ಹೆಬ್ಬೆರಳನ್ನೇ ನೋಡುತ್ತಿದ್ದ. ಈ ಮನುಷ್ಯ ನಿಜವಾಗಿಯೂ ಆ ಪಟಗಳನ್ನು ನೋಡಿದ್ದಾನೋ ಇಲ್ಲವೋ ಎಂಬ ಯೋಚನೆ ಬಾಬುವಿನ ತಲೆಗೆ ಬಂತು. ಕೇಳಬೇಕೆಂದು ನಾಲಿಗೆ ತುರಿಸಿತು. ಕೇಳಲಿಲ್ಲ.

‘ಹುಳ ಹಣ್ಣಾಗ್ತಾ ಅವೆ ಕಣಮ್ಮ’ ಎಂದ ಗಂಗುಲಪ್ಪ ಫೋನು ಹಿಂದಕ್ಕೆ ಕೊಡುತ್ತಾ. ‘ಗೂಡು ಕಟ್ಟೋಕೆ ಚಂದ್ರಂಕಿ ತಟ್ಟಿಗೆ ಬಿಡಬೇಕು. ನಾಳೆ ಬೆಳಿಗ್ಗೆ ಬಾ.’ ಕ್ಷಮಿಸು ಎನ್ನಲಿಲ್ಲ. ಕೆಲಸಕ್ಕೆ ಕರೆದನಲ್ಲ, ಆ ಕಡೆ ಅದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳುವುದಿಲ್ಲ.

ಮರುದಿನ ಗೌರಿಬಿದನೂರಿನಲ್ಲಿ ನರೇಂದ್ರ ಮೇಜಿನ ಮೇಲೆ ಮಿಷಿನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಸ್ಲಾಟಿನೊಳಗೆ ಹಸಿರು ತುಕ್ಕು. ಕಾರ್ಡು ಉಸಿರೆತ್ತಲಿಲ್ಲ.

‘ಏನೂ ವಾಪಸ್ ಬರ್ಲಿಲ್ವಾ?’

‘ಇಲ್ಲ. ತೊಳೀಬೇಕಂತೆ ಕಣೋ, ಪ್ರತಿ ಮನೆಗೂ. ಬ್ಲೀಚಿಂಗ್ ನೀರಲ್ಲಿ. ಅದು ಅಲ್ಲಿನ ಪದ್ಧತಿ. ನಾವು ಕೇಳ್ಲೇ ಇಲ್ಲ.’

‘ಹಾಗಿದ್ರೆ ಮುಚ್ಚಿದ ಡಬ್ಬಾನೇ. ಬಕೆಟ್ಟಿಗೆ ಅದ್ದಿದ್ರೂ ಏನೂ ಆಗ್ಬಾರ್ದು. ಮಾತು ಮಾತೇ ತಾನೆ ಬಾಬು?’

‘ಮಾತು ಮಾತೇ.’

ನರೇಂದ್ರ ಗೆದ್ದ ಖುಷಿಯಲ್ಲಿ ಚಿಮ್ಮಟದಿಂದ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದ. ಅವನ ನಗು ನಿಂತಿತು. ‘ಇದೇನೋ ಇದು? ಅಂಟು. ಯಾರು ಹಾಕಿದ್ದು?’

‘ನಾನೇ.’

‘ಸ್ಲಾಟು ಬೇಕೇ ಬೇಕು ಅಂದೋನೂ ನೀನೇ, ಅದಕ್ಕೆ ಅಂಟು ಮೆತ್ತಿದೋನೂ ನೀನೇನಾ?’ ನರೇಂದ್ರ ಮುಚ್ಚಳ ಕೆಳಗಿಟ್ಟು ಅವನನ್ನು ನೋಡಿ ನೋಡಿ ನೋಡಿದ. ‘ಏನೋ ಮುಚ್ಚಿಡ್ತಾ ಇದೀಯ ನೀನು.’

ಜೇಬಿನಲ್ಲಿದ್ದ ಫೋನಿನಲ್ಲಿ ಆ ಎರಡು ಮೂರು ಫೋಟೋ ಇನ್ನೂ ಇದ್ದವು. ಅಳಿಸಿರಲಿಲ್ಲ. ಮರೆತೇ ಹೋಗಿತ್ತು ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ, ಅದನ್ನು ಅವನೇ ನಂಬಿರಲಿಲ್ಲ. ಕಾರ್ಡಿಲ್ಲ ಎಂದು ಮಿಷಿನ್ನು ಬರೆದುಕೊಂಡ ದಿನಗಳ ಫೋಟೋಗಳು ಅವು. ಹೊರಗೆ ತೆಗೆದು ಮೇಜಿನ ಮೇಲಿಟ್ಟರೆ ಸಾಕು. ಸ್ಲಾಟು ಕಾಪಾಡಿದ್ದಕ್ಕೆ ಸಾಕ್ಷಿ ಕಣ್ಣ ಮುಂದೆಯೇ ಇರುತ್ತದೆ, ನರೇಂದ್ರನ ಈ ನೋಟವೂ ತೊಲಗುತ್ತದೆ. ಆಮೇಲೆ ಅವು ಕದಿರಮ್ಮನ ಫೋನಿನಲ್ಲಿ ಉಳಿದಿದ್ದವು ಎಂದು ನರೇಂದ್ರ ಚಾಕಿ ಕೇಂದ್ರದವರಿಗೆ ಖುಷಿಯಿಂದ ಹೇಳುತ್ತಾನೆ, ಅವರು ಊರಲ್ಲಿ ಹೇಳುತ್ತಾರೆ. ಅಷ್ಟು ದೂರ ಯೋಚಿಸದೆ ಇದ್ದರೆ ಆಯಿತು. ಅವನ ಕೈ ಜೇಬಿಗೆ ಹೋಯಿತು.

ಕೈಯಲ್ಲೇ ಫೋನು ಬಡಿದುಕೊಂಡಿತು. ಕದಿರಮ್ಮ.

‘ಒಳಗೆ ಬಿಟ್ರು ಸಾರ್. ಎಲ್ಲಾ ಮನೆಯೋರೂ ಕರೀತಾವ್ರೆ.’ ಹಿಂದೆ ಹುಳು ಸೊಪ್ಪು ಮೇಯುವ ಸರಸರ ಸದ್ದು ಕೇಳುತ್ತಿತ್ತು. ‘ಒಂದ್ ಮಾತು ಕೇಳ್ಬೇಕಿತ್ತು. ನಿನ್ನೆ ನಿಮ್ ಫೋನಿಗೆ ಬಂದ ಒಂದೆರಡು ಫೋಟೋ, ಅವನ್ನೂ ಅಳಿಸಿದ್ರಾ?’

‘ಅಳಿಸ್ದೆ.’

ಅವನಾಗಿದ್ದರೆ ಇನ್ನೊಂದು ಸಲ ಕೇಳುತ್ತಿದ್ದ. ಮತ್ತೊಬ್ಬರನ್ನು ವಿಚಾರಿಸುತ್ತಿದ್ದ. ಬೈಕು ಹತ್ತಿ ಬಂದು ಸೊಪ್ಪಿನ ಮರೆಯಲ್ಲಿ ನಿಲ್ಲುತ್ತಿದ್ದ.

‘ಸರಿ ಸಾರ್’ ಎಂದಳು ಅವಳು. ‘ನೀವ್ ಹೇಳಿದ್ ಮೇಲೆ ಮುಗೀತು. ಇಡ್ತೀನಿ, ಸೊಪ್ಪು ಹಾಕ್ಬೇಕು.’

ಬಾಬು ಫೋನನ್ನು ಕಿವಿಯಿಂದ ತೆಗೆದ. ಅವನ ಕಣ್ಣು ಒದ್ದೆಯಾಗಿತ್ತು. ಆಮೇಲೆ ಬೆರಳಿನಿಂದ ಒಂದೊಂದೇ ಫೋಟೋ ಅಳಿಸಿದ, ಬುಟ್ಟಿಯನ್ನೂ ಖಾಲಿ ಮಾಡಿದ.

‘ಏನದು ಅಳಿಸ್ತಾ ಇರೋದು?’ ಎಂದು ನರೇಂದ್ರ ಕುರ್ಚಿಯಿಂದ ಅರ್ಧ ಎದ್ದು ಕೇಳಿದ.

‘ಏನಿಲ್ಲ’ ಎಂದ ಬಾಬು. ನರೇಂದ್ರ ನಂಬಲಿಲ್ಲ.